ತನ್ನ ಹಲ್ಲಿಗೆ ತಾನೇ ತುಳಿದ ಅಂಕಯ್ಯ

ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಒಳ್ಳೆಯ ದರ್ಜಿಯಿದ್ದಾನೆ ಎಂದು ಇದನ್ನು ಬರೆಯುತ್ತಿರುವವನು ಒಂದು ಕಾಲದಲ್ಲಿ ನಂಬಿದ್ದ. ನಂಬಿಕೆಗೆ ಆಧಾರವೂ ಇತ್ತು. ಕಿಟಕಿಯ ಕೆಳಗಿನ ಅರ್ಧಕ್ಕೆ ಬಿಳಿ ಪರದೆ ಕಟ್ಟಿದ ಒಂದು ಕೋಣೆ. ಮೇಲಿನ ಅರ್ಧದಲ್ಲಿ ಕೆಂಪು ವಸ್ತ್ರ ಸುತ್ತಿದ ತಲೆ, ಅದರ ಕೆಳಗೆ ಸಂತೋಷವೂ ಇಲ್ಲದ ದುಃಖವೂ ಇಲ್ಲದ ಒಂದು ಮುಖ. ಒಳಗಿನಿಂದ ಕಾಲಲ್ಲಿ ತುಳಿಯುವ ಯಂತ್ರದ ಸದ್ದು, ಒಂದೇ ಸಮ. ಇಷ್ಟು ನಿಧಾನಸ್ಥನಾದ ದರ್ಜಿ ಅಳತೆ ತಪ್ಪಲಾರ ಎಂದು ಎರಡೂವರೆ ಗಜ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರೆ, ಅಲ್ಲಿ ಒರಗುವ ಕುರ್ಚಿಯ ಮೇಲೆ ಒಬ್ಬ ಗೌಡರು ಬಾಯಿ ತೆರೆದುಕೊಂಡು ಮಲಗಿದ್ದರು. ಆ ಬಾಯೊಳಗೆ ಇನ್ನೊಬ್ಬರು ಬಗ್ಗಿ ಏನೋ ಮಾಡುತ್ತಿದ್ದರು. ಕೆಂಪು ವಸ್ತ್ರದವನು ತುಳಿಯುವುದನ್ನು ನಿಲ್ಲಿಸದೆ ಬಟ್ಟೆಯನ್ನೊಮ್ಮೆ ನೋಡಿದ. "ಇಲ್ಲಿ ಒಲಿಯಾದಲ್ಲ ಸ್ವಾಮಿ, ಕೊರಿಯಾದು" ಎಂದ.

ಅವನೇ ಅಂಕಯ್ಯ.

ಬಗ್ಗಿದ್ದವರು ಹಲ್ಲಿನ ಡಾಕ್ಟರು ಕಸ್ತೂರಿರಂಗ ಅಯ್ಯಂಗಾರ್ಯರು. ಕಲ್ಕತ್ತೆಯಲ್ಲಿ ಎರಡು ವರ್ಷ ವಿದ್ಯೆ ಕಲಿತು ಬಂದವರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅವರ ಹೆಸರಿಗಿಂತ ಹೆಸರಿನ ಬಾಲ ಉದ್ದವಾಗಿತ್ತು. ಮೈಸೂರಿನಲ್ಲಿ ಹಲ್ಲಿನ ಡಾಕ್ಟರುಗಳು ಆಗಲೇ ಇದ್ದುದರಿಂದ, ಅಲ್ಲಿ ಹಲವರಲ್ಲಿ ಒಬ್ಬರಾಗುವುದು ತಮ್ಮ ಘನತೆಗೆ ಸಲ್ಲದೆಂದು ಮೊದಲನೆಯವರಾಗಲು ಮದ್ದೂರಿಗೆ ಬಂದಿದ್ದರು. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಿದೆ, ಸುತ್ತಲೂ ಕಬ್ಬು, ಊರೂರಿಗೆ ಆಲೆಮನೆ, ಮದ್ದೂರಿನಲ್ಲಿ ಕಟುಂ ಎನ್ನುವ ವಡೆ. ಇಷ್ಟೆಲ್ಲ ಇದ್ದ ಮೇಲೆ ಹಲ್ಲು ಕೆಡದೆ ಏನು ಮಾಡೀತು ಎಂಬುದು ಅವರ ತರ್ಕ. ತರ್ಕ ಸರಿಯಾಗಿಯೇ ಇತ್ತು, ಹಲ್ಲುಗಳೂ ಕೆಟ್ಟಿದ್ದವು. ಅವರು ಮರೆತದ್ದು ಒಂದೇ. ಈ ಸೀಮೆಯ ಜನ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಬಾಯಲ್ಲಿ ಹಲ್ಲು ಎಷ್ಟಿದೆ ಎಂಬ ಪ್ರಶ್ನೆ ಇವರಿಗೆ ಹಿತ್ತಲಲ್ಲಿ ಕಾಗೆ ಎಷ್ಟಿವೆ ಎನ್ನುವಷ್ಟೇ ಮುಖ್ಯ.

ಡಾಕ್ಟರು ಕಲ್ಕತ್ತೆಯಿಂದ ಒಂದು ಯಂತ್ರ ತಂದಿದ್ದರು. ಆಳೆತ್ತರದ ಕಬ್ಬಿಣದ ಕಂಬ, ಬುಡದಲ್ಲಿ ತುಳಿಯುವ ಹಲಗೆ, ಹಲಗೆಯ ಮೇಲೊಂದು ಚಕ್ರ. ಚಕ್ರದಿಂದ ಕಂಬದ ತುದಿಗೆ ಹೋಗಿ, ಅಲ್ಲಿಂದ ಬಾಗಿದ ತೋಳಿನುದ್ದಕ್ಕೂ ಇಳಿಯುವ ದಾರ. ದಾರದ ಕೊನೆಗೆ ಪೆನ್ಸಿಲ್ಲಿನಂಥ ಹಿಡಿ, ಹಿಡಿಯ ತುದಿಗೆ ಸಾಸಿವೆ ಕಾಳಿನಷ್ಟು ಉಕ್ಕಿನ ಮೊನೆ. ಡಾಕ್ಟರು ಇದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು ಹೇಳುತ್ತಿದ್ದರು. ಜನ ಬೈರಿಗೆ ಎಂದರು. ಹಲಗೆ ತುಳಿದರೆ ಮೊನೆ ಗಿರ್ರೆಂದು ತಿರುಗಿ ಹಲ್ಲಿನ ಹುಳುಕನ್ನು ಕೊರೆದು ತೆಗೆಯುತ್ತದೆ. ಆ ಗುಂಡಿಯನ್ನು ಒಣಗಿಸಿ, ಬೆಳ್ಳಿ ಪುಡಿಯನ್ನು ಪಾದರಸದೊಡನೆ ಅರೆದು ತುಂಬಿದರೆ ಹಲ್ಲು ಉಳಿಯುತ್ತದೆ. ಗುಟ್ಟೆಲ್ಲ ತುಳಿತದಲ್ಲಿದೆ. ಒಂದೇ ಸಮ ತಿರುಗಿದರೆ ಮೊನೆ ಸಲೀಸಾಗಿ ಕೊರೆಯುತ್ತದೆ. ವೇಗ ತಗ್ಗಿತೋ, ಹಲ್ಲಿಗೆ ಕಚ್ಚಿಕೊಂಡು ಜಗ್ಗುತ್ತದೆ. ಆ ಜಗ್ಗು ದವಡೆಯಿಂದ ಹೊರಟು ನೆತ್ತಿ ಮುಟ್ಟಿಯೇ ನಿಲ್ಲುವುದು.

ಬೇರೆ ಡಾಕ್ಟರುಗಳು ಒಂದು ಕಾಲಲ್ಲಿ ನಿಂತು ಇನ್ನೊಂದರಲ್ಲಿ ತಾವೇ ತುಳಿಯುತ್ತಾ ಕೊರೆಯುತ್ತಾರಂತೆ. ಕಸ್ತೂರಿರಂಗ ಅಯ್ಯಂಗಾರ್ಯರೂ ಹಾಗೆಯೇ ಕಲಿತಿದ್ದರು. ಆದರೆ ಕಾಲು ಆಡಿದರೆ ಅವರ ಹೊಟ್ಟೆ ಆಡುತ್ತಿತ್ತು. ಹೊಟ್ಟೆ ಆಡಿದರೆ ಕೈ ಆಡುತ್ತಿತ್ತು. ಇದನ್ನು ಅವರು ಯಾರ ಮುಂದೆಯೂ ಒಪ್ಪಲಿಲ್ಲ. ಕೊರೆಯುವುದು ಬುದ್ಧಿಯ ಕೆಲಸ, ತುಳಿಯುವುದು ಮೈಯ ಕೆಲಸ, ಎರಡನ್ನೂ ಬೆರೆಸಬಾರದು ಎಂದು ಒಂದು ಸಿದ್ಧಾಂತ ಮಾಡಿ, ತುಳಿಯಲು ಆಳು ಹುಡುಕಿದರು.

ಅಂಕಯ್ಯ ಚಿಕ್ಕರಸಿನಕೆರೆ ಕಡೆಯವನು. ನಲವತ್ತು ದಾಟಿತ್ತು. ಅವನ ಹೊಟ್ಟೆಪಾಡು ಏತ ನಡೆಯುವುದು. ಬಾವಿಯ ಪಕ್ಕ ಕವೆಯ ಮೇಲೆ ಅಡ್ಡ ಮಲಗಿಸಿದ ಉದ್ದನೆಯ ಮರ; ಅದರ ಮೇಲೆ ಒಬ್ಬ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಮುಂದೆ ನಡೆದರೆ ಕಬ್ಬಿಣದ ಬಾನಿ ಬಾವಿಗೆ ಇಳಿಯುತ್ತದೆ, ಹಿಂದೆ ನಡೆದರೆ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಕೆಳಗೆ ನಿಂತವರು ಅದನ್ನು ಕಾಲುವೆಗೆ ಮೊಗಚುತ್ತಾರೆ. ಮರದ ಮೇಲಿನವನ ಕಾಲು ತಪ್ಪಿದರೆ ಬಾವಿಯೇ ಗತಿ. ಅಂಕಯ್ಯನ ಕಾಲು ಇಪ್ಪತ್ತೈದು ವರ್ಷ ತಪ್ಪಲಿಲ್ಲ. ಮೊಗಚುತ್ತಿದ್ದವಳು ಅವನ ಹೆಂಡತಿ ಸಣ್ಣತಾಯಮ್ಮ. ಬಾನಿಗೊಂದು ಎಣಿಕೆ, ರಾಗವಾಗಿ. ಒಂದು ಎನ್ನುವ ಬದಲು ಲಾಭ ಎಂದು ಹಿಡಿದು, ಇಪ್ಪತ್ತಕ್ಕೆ ಉಸಿರು ಬಿಟ್ಟು, ಮತ್ತೆ ಲಾಭ. ಬೆಸ ಸಂಖ್ಯೆ ಅವನು ಹೇಳಿದರೆ ಸರಿ ಸಂಖ್ಯೆ ಅವಳು ಹೇಳುತ್ತಿದ್ದಳು. ಗಂಡ ಹೆಂಡಿರ ನಡುವೆ ಹಗಲೆಲ್ಲ ನಡೆಯುತ್ತಿದ್ದ ಮಾತೆಂದರೆ ಅದೇ.

ಆಮೇಲೆ ಇರ್ವಿನ್ ನಾಲೆಯ ನೀರು ಬಂತು. ನೀರು ತಾನಾಗಿ ಗದ್ದೆಗೆ ಬರುವಾಗ ಮರದ ಮೇಲೆ ನಡೆಯುವವನು ಯಾರಿಗೆ ಬೇಕು? ಜನ ಏತದ ಮರಗಳನ್ನು ಸೌದೆ ಮಾಡಿದರು. ನೀರು ಬಂದ ಎರಡನೆಯ ವರ್ಷ ಊರಿಗೆಲ್ಲ ಚಳಿಜ್ವರ ಬಂತು. ಸಣ್ಣತಾಯಮ್ಮ ಒಂಬತ್ತು ದಿನ ನಡುಗಿ ಹತ್ತನೆಯ ದಿನ ಸುಮ್ಮನಾದಳು. ಅಂಕಯ್ಯ ಅಳಲಿಲ್ಲ. ತಿಥಿಯ ದಿನ ಅವನು ಅಳುವುದನ್ನು ಕಾದುಕೊಂಡು ಕೂತಿದ್ದ ನೆಂಟರು, ಅಳದಿದ್ದದ್ದಕ್ಕೆ ಸ್ವಲ್ಪ ಬೇಸರ ಮಾಡಿಕೊಂಡು, ಊಟ ಮಾಡಿ ಹೋದರು.

ಮದ್ದೂರಿನ ಪಕ್ಕದ ಶಿವಪುರದಲ್ಲಿ ಅವನ ತಂಗಿ ಚಿಕ್ಕಬೋರಮ್ಮನ ಮನೆಯಿತ್ತು. ಅವಳು ಬಂದು ಕರೆದುಕೊಂಡು ಹೋದಳು. ಇಕ್ಕಿದರೆ ಉಣ್ಣುವನು, ಕೇಳಿದರೆ ಹ್ಞೂಂ ಎನ್ನುವನು, ಉಳಿದಂತೆ ಗೋಡೆ ನೋಡುವನು. ಹೀಗೆ ಒಂದು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಚಿಕ್ಕಬೋರಮ್ಮ, "ಅಣ್ಣಾ, ಟೇಸನ್ ರಸ್ತೇಲಿ ಯಾರೋ ಅಯ್ನೋರು ತುಳಿಯಾಕೆ ಆಳು ಹುಡುಕ್ತಾವ್ರಂತೆ. ಏನ ತುಳಿಯಾದು ಅಂತ ನಂಗೊತ್ತಿಲ್ಲ. ನೀನಂತೂ ಗ್ವಾಡೆ ತೂತು ಬೀಳಂಗೆ ನೋಡ್ತಾ ಕುಂತಿದ್ದೀಯ. ಓಗಿ ತುಳಿ" ಎಂದಳು.

ಹೋಗಿ ತುಳಿದ.

ಮೊದಲ ದಿನ ಕಾಲು ಹಿಡಿತಕ್ಕೆ ಬರಲಿಲ್ಲ. ಕುರ್ಚಿಯ ಮೇಲಿದ್ದವರು ಮಳವಳ್ಳಿಯ ಬೆಲ್ಲದ ಮಂಡಿಯವರು. ಕೂಗಿದ ಕೂಗಿಗೆ ಸ್ಟೇಷನ್ನಿನಿಂದ ಇಬ್ಬರು ಪೋರ್ಟರುಗಳು ಓಡಿ ಬಂದರು. ಎಣಿಸದೆ ತುಳಿದು ಗೊತ್ತಿಲ್ಲದ ಕಾಲು ಅದು. ಕೊನೆಗೆ ಅಂಕಯ್ಯ ಸಣ್ಣ ದನಿಯಲ್ಲಿ ಲಾಭ ಎಂದು ಹಿಡಿದ. ಚಕ್ರ ದಾರಿಗೆ ಬಂತು. ಇಪ್ಪತ್ತಕ್ಕೆ ನಿಲ್ಲಿಸಿ ಉಸಿರು ಬಿಟ್ಟ; ಡಾಕ್ಟರೂ ಮೊನೆ ತೆಗೆದರು; ಮಂಡಿಯವರು ಉಗಿದರು. ಮತ್ತೆ ಲಾಭ. ಎರಡನೆಯ ಇಪ್ಪತ್ತಕ್ಕೆ ಮಂಡಿಯವರು ಕೂಗುವುದನ್ನು ಬಿಟ್ಟು, ಬಾಯಿ ತೆರೆದುಕೊಂಡೇ, ಗಂಟಲಲ್ಲಿ ಜೊತೆಗೆ ಎಣಿಸತೊಡಗಿದರು. ಡಾಕ್ಟರು ಹೇಳುವ "ಇನ್ನೇನು, ಆಗಿಹೋಯಿತು" ಎಂಬುದಕ್ಕೆ ಕೊನೆಯೆಂಬುದಿಲ್ಲ. ಅಂಕಯ್ಯನ ಇಪ್ಪತ್ತಕ್ಕೆ ಕೊನೆ ಉಂಟು. ಎಂಥ ನೋವನ್ನಾದರೂ ಮನುಷ್ಯ ಇಪ್ಪತ್ತರವರೆಗೆ ತಡೆಯಬಲ್ಲ.

ಸುದ್ದಿ ಹಬ್ಬಿತು. ಶುಕ್ರವಾರ ಮಳವಳ್ಳಿಗೆ, ಶನಿವಾರ ಮಂಡ್ಯಕ್ಕೆ, ಬೈರಿಗೆಯನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಇಬ್ಬರೂ ಹೋಗಿಬರುವಂತಾಯಿತು. ಜನ ತಮ್ಮ ಹುಳುಕನ್ನು ಇಪ್ಪತ್ತರ ಲೆಕ್ಕದಲ್ಲಿ ಹೇಳಿಕೊಳ್ಳತೊಡಗಿದರು. ನನ್ನದು ಮೂರು ಇಪ್ಪತ್ತು, ಭಾವನದು ನಾಲ್ಕು. ಇದರಲ್ಲಿ ಹೆಚ್ಚು ಕಡಿಮೆಯ ಪ್ರಶ್ನೆ ಬರದೆ ಇರುತ್ತದೆಯೇ? ಪಟೇಲ್ ಮರಿಸಿದ್ದಯ್ಯನವರ ಹಲ್ಲು ಐದು ಇಪ್ಪತ್ತಕ್ಕೆ ಸ್ವಚ್ಛವಾಯಿತು. ಡಾಕ್ಟರು ಬೆಳ್ಳಿ ಅರೆಯಲು ಹೊರಟಾಗ ಪಟೇಲರು ಕೈ ಅಡ್ಡ ಹಿಡಿದು, ತಮ್ಮೂರ ಶಾನುಭೋಗರಿಗೆ ಎಷ್ಟಾಗಿತ್ತು ಎಂದು ವಿಚಾರಿಸಿದರು. ಆರು ಎಂದು ತಿಳಿಯಿತು. ಪಟೇಲರು ಮತ್ತೆ ಒರಗಿ ಬಾಯಿ ತೆರೆದರು. ಕೊರೆಯಲು ಏನೂ ಉಳಿದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಬಾಯಿ ಮುಚ್ಚಲಿಲ್ಲ. ಡಾಕ್ಟರು ಅಂಕಯ್ಯನನ್ನು ನೋಡಿದರು. ಅಂಕಯ್ಯ ಲಾಭ ಎಂದು ಹಿಡಿದ. ಡಾಕ್ಟರು ಮೊನೆಯನ್ನು ಹಲ್ಲಿಗೆ ತಾಗಿಸದೆ ಬಾಯೊಳಗಿನ ಗಾಳಿಯಲ್ಲಿ ಎರಡು ಇಪ್ಪತ್ತು ಹಿಡಿದರು. ಪಟೇಲರು ಏಳರ ಮರ್ಯಾದೆಯೊಡನೆ ಊರಿಗೆ ಹೋದರು.

ಕೂಗುವವರು ಕೂಗಿದರು, ಬೇಡಿಕೊಳ್ಳುವವರು ಬೇಡಿಕೊಂಡರು, ಒಬ್ಬರು ಡಾಕ್ಟರ ಬೆರಳು ಕಚ್ಚಿದರು. ಅಂಕಯ್ಯನ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಎಷ್ಟು ಧೈರ್ಯ ನೋಡಿ ಎಂದು ರೋಗಿಗಳು ಮೆಚ್ಚಿಕೊಂಡರು. ಧೈರ್ಯದ ಮಾತಲ್ಲ ಅದು. ತುಳಿಯುವಾಗ ಅವನ ತಲೆಯಲ್ಲಿ ಅಂಕಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಬೆಸವನ್ನೂ ಸರಿಯನ್ನೂ ಈಗ ಅವನೊಬ್ಬನೇ ಹೇಳಬೇಕಾದ್ದರಿಂದ ನಡುವೆ ಬಿಡುವೂ ಇರಲಿಲ್ಲ. ಬೆಳಿಗ್ಗೆ ಬಂದು ಹಲಗೆಯ ಮೇಲೆ ಕಾಲಿಟ್ಟರೆ ಸಂಜೆ ತೆಗೆಯುವವರೆಗೆ ಯಾವ ನೆನಪೂ ಒಳಗೆ ಬರುವಂತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ರಾತ್ರಿಗೆ ಆ ಏರ್ಪಾಡು ಇರಲಿಲ್ಲ, ಆದರೆ ಬೆಳಗಾಗುತ್ತಿತ್ತು.

ಹೀಗೆ ಮೂರು ವರ್ಷ ಕಳೆದ ಮೇಲೆ ಅವನ ಬಲಗಡೆಯ ಕೆಳದವಡೆ ಹಲ್ಲು ನೋಯತೊಡಗಿತು.

ಮೊದಲು ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹದಿನೈದು ದಿನದಲ್ಲಿ ಹಲ್ಲು ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾಡಿತು. ಲವಂಗ ಕಚ್ಚಿದ, ಉಪ್ಪುನೀರು ಮುಕ್ಕಳಿಸಿದ, ಡಾಕ್ಟರಿಗೆ ಹೇಳಲಿಲ್ಲ. ಚಿಕ್ಕಬೋರಮ್ಮನಿಗೂ ಹೇಳಲಿಲ್ಲ, ಊದಿದ ಕೆನ್ನೆ ಹೇಳಿತು. "ಅಲ್ಲ ಕಣಣ್ಣ, ವಾರಕ್ಕೆ ಇಪ್ಪತ್ ಜನದ ಬಾಯಿ ತಗ್ಸಿ ಕೊರುಸ್ತೀಯ, ನಿನ್ ಬಾಯಿ ಮಾತ್ರ ಮುಚ್ಕಂಡಿದ್ದೀಯಲ್ಲ" ಎಂದು ಅವಳು ಮುದ್ದೆಯ ತಟ್ಟೆ ಮುಂದಿಟ್ಟಳು. ಅವನು ಎಡಗಡೆಯಿಂದ ನುಂಗಿದ.

ನೋವಿಗೆ ಒಂದು ಕೆಟ್ಟ ಗುಣವಿತ್ತು. ಅದು ಎಣಿಕೆಯ ನಡುವೆ ಬಂದು ಕೂರುತ್ತಿತ್ತು. ಸೋಮವಾರ ಹೆಣ್ಣುಮಕ್ಕಳ ಸ್ಕೂಲಿನ ಉಪಾಧ್ಯಾಯಿನಿ ಕಾಮಾಕ್ಷಮ್ಮನವರು ಕುರ್ಚಿಯ ಮೇಲಿದ್ದರು. ಹನ್ನೆರಡು, ಹದಿಮೂರು, ಆಮೇಲೆ ಬಲದವಡೆಯಲ್ಲಿ ಏನೋ ಮಿಂಚಿದಂತಾಗಿ ಬಾಯಿ ಹದಿನೈದು ಎಂದಿತು, ಕಾಲು ಅರ್ಧ ತುಳಿತದಲ್ಲಿ ನಿಂತಿತು. ಮೊನೆ ಕಚ್ಚಿತು, ಜಗ್ಗಿತು, ಜಾರಿ ಕೆನ್ನೆಯ ಒಳಗನ್ನು ಕೊಯ್ದಿತು. ಕಾಮಾಕ್ಷಮ್ಮನವರು ಪೀಕದಾನಿಗೆ ರಕ್ತ ಉಗಿದು, ಬಾಯಿ ಒರೆಸಿಕೊಂಡು, ಅಂಕಯ್ಯನ ಕಡೆ ತಿರುಗಿ, ಹದಿಮೂರಾದ ಮೇಲೆ ಹದಿನೈದು ಬರುವುದು ಯಾವ ಸ್ಕೂಲಿನಲ್ಲಿ ಎಂದು ಕೇಳಿದರು.

ಡಾಕ್ಟರು ಕೈ ಮುಗಿದು ಅವರನ್ನು ಕಳಿಸಿದರು. ಆಮೇಲೆ ಅಂಕಯ್ಯನ ಕಡೆ ತಿರುಗಿದರು. ಗುರುವಾರ ಅಮಲ್ದಾರರು ಬರುವವರಿದ್ದರು. ಇಡೀ ತಾಲ್ಲೂಕಿಗೆ ದೊಡ್ಡವರ ಬಾಯಿ ಅದು. ಅಮಲ್ದಾರರ ಬಾಯಿ ಒಮ್ಮೆ ತೆರೆದರೆ ಅದರ ಹಿಂದೆ ಶೇಕ್‌ದಾರರ ಬಾಯಿ, ಗುಮಾಸ್ತರ ಬಾಯಿ, ಒಂದೊಂದಾಗಿ ತೆರೆದುಕೊಳ್ಳುತ್ತವೆ ಎಂದು ಡಾಕ್ಟರು ಆರು ತಿಂಗಳಿಂದ ಕಾದಿದ್ದರು. ಆ ಬಾಯಲ್ಲಿ ಹದಿನಾಲ್ಕು ತಪ್ಪಿಹೋದರೆ? ಡಾಕ್ಟರ ಭಾವಮೈದುನ ಸಂಪತ್ ಕುಮಾರ ಮನೆಯಲ್ಲೇ ಇದ್ದ. ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಎರಡು ಸಲ ಕೂತು, ಮೂರನೆಯ ಸಲ ಕೂರುವುದೋ ಬೇಡವೋ ಎಂದು ಎಂಟು ತಿಂಗಳಿಂದ ಯೋಚಿಸುತ್ತಿದ್ದ. ಗುರುವಾರ ಸಂಪತ್ತು ತುಳಿಯಲಿ, ನೀನು ಹಲ್ಲು ಸರಿಹೋಗುವವರೆಗೆ ಮನೆಯಲ್ಲಿರು ಎಂದು ಡಾಕ್ಟರು ಮೆತ್ತಗೇ ಹೇಳಿದರು.

ಮಂಗಳವಾರವೆಲ್ಲ ಸಂಪತ್ ಕುಮಾರ ಅಭ್ಯಾಸ ಮಾಡಿದ. ಅಂಕಯ್ಯ ಜಗಲಿಯಲ್ಲಿ ಕೂತು ಸದ್ದು ಕೇಳಿಸಿಕೊಂಡ. ಬೆಳಿಗ್ಗೆ ಚಕ್ರ ಹಿಂದುಮುಂದಾಗಿ ತಿರುಗಿ ದಾರ ಕಳಚಿ ಬೀಳುತ್ತಿತ್ತು. ಮಧ್ಯಾಹ್ನ ದಾರ ನಿಂತಿತು. ಸಂಜೆಯ ಹೊತ್ತಿಗೆ ತುಳಿತ ಅಲ್ಲಲ್ಲಿ ಒಂದೇ ಸಮ ಬರತೊಡಗಿತ್ತು. ಹುಡುಗ ದಡ್ಡನಾಗಿದ್ದರೆ ಅಂಕಯ್ಯನಿಗೆ ಭಯವಿರಲಿಲ್ಲ. ಅಮಲ್ದಾರರಿಗೆ ತುಳಿದ ಕಾಲನ್ನು ಶುಕ್ರವಾರ ಯಾರು ಎತ್ತಿಸುತ್ತಾರೆ? ಡಾಕ್ಟರು ಹಳೆಯ ಆಳನ್ನು ಗೇಟಿನಾಚೆ ಅಟ್ಟುವವರಲ್ಲ, ಕರೆಯುವುದನ್ನು ಮರೆಯುವವರು. ಆಮೇಲೆ ಶಿವಪುರದ ಗೋಡೆ, ಹಗಲೂ ಇರುಳೂ. ಬೆನ್ನಿಗೆ ತಣ್ಣೀರು ಸುರಿದಂತಾಯಿತು ಅವನಿಗೆ. ಮೂರು ವರ್ಷದಲ್ಲಿ ಅವನಿಗೆ ಹಾಗೆ ಏನಾದರೂ ಆದದ್ದು ಅದೇ ಮೊದಲು.

ಬುಧವಾರ ಬೆಳಿಗ್ಗೆ ಅವನು ಡಾಕ್ಟರ ಮುಂದೆ ನಿಂತು ಬಾಯಿ ತೆರೆದು ತೋರಿಸಿದ. ಡಾಕ್ಟರು ಕನ್ನಡಿ ಇಟ್ಟು ನೋಡಿದರು. ಹುಳುಕು ಆಳಕ್ಕೆ ಹೋಗಿತ್ತು, ಆದರೆ ನರ ಮುಟ್ಟಿರಲಿಲ್ಲ. ಕೀಳಬಹುದು, ಕಿತ್ತರೆ ನಾಲ್ಕು ದಿನ ಬಾವು, ಗುರುವಾರ ಕೈಬಿಟ್ಟಂತೆ. ಕೊರೆದು ತುಂಬಬಹುದು, ತುಂಬಿದರೆ ನಾಳೆಗೆ ಸರಿಯಾಗುತ್ತಾನೆ. ಸಂಪತ್ತು ತುಳಿಯಲಿ, ಅವನಿಗೂ ಅಭ್ಯಾಸವಾದೀತು ಎಂದರು.

"ಬ್ಯಾಡಿ ಸ್ವಾಮಿ" ಎಂದ ಅಂಕಯ್ಯ. "ನಂಗೆ ನಾನೇ ತುಳ್ಕತೀನಿ."

ಡಾಕ್ಟರು ನಕ್ಕರು. ಅಂಕಯ್ಯ ನಗಲಿಲ್ಲ.

"ನಾಳೆ ಅಮಲ್ದಾರ್ರಿಗೆ ತುಳಿಯೋ ಕಾಲು ಇವತ್ತು ನಂಗೇ ತುಳೀಲಿ. ತಪ್ಪುದ್ರೆ ನನ್ ಬಾಯೇ ತಾನೆ ಓಗೋದು. ತಪ್ಪನಿಲ್ಲ ಅಂದ್ರೆ ನಾಳೀಕೂ ನಾನೇ."

ತುಳಿಯುವವನೇ ಕೊರೆಸಿಕೊಳ್ಳುವುದನ್ನು ಕಲ್ಕತ್ತೆಯಲ್ಲೂ ಕಂಡಿಲ್ಲ, ಕೇಳಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಿದ ಮೇಲೆ, ಕಲ್ಕತ್ತೆಯಲ್ಲೂ ಕಾಣದ್ದನ್ನು ಮದ್ದೂರಿನಲ್ಲಿ ತಾವು ಮಾಡಿದಂತಾಗುತ್ತದೆ ಎಂಬುದು ಅವರಿಗೆ ಹೊಳೆಯಿತು. ಅಲ್ಲಿನ ಗುರುಗಳಿಗೆ ಒಂದು ಪತ್ರವನ್ನೂ ಬರೆಯಬಹುದು. ಒಪ್ಪಿಕೊಂಡರು. ಸಂಪತ್ ಕುಮಾರ ಮುಖ ಊದಿಸಿಕೊಂಡು ವಡೆ ತಿನ್ನಲು ಸ್ಟೇಷ‌ನ್ನಿಗೆ ಹೋದ.

ಮೊದಲು ಬಂದದ್ದು ಸೂಜಿಯ ಪ್ರಶ್ನೆ. ದವಡೆ ಮರಗಟ್ಟಿಸುವ ಔಷಧಿ ಡಾಕ್ಟರ ಹತ್ತಿರ ಇತ್ತು. ಅಂಕಯ್ಯ ಅದನ್ನು ಬಲ್ಲ. ಚುಚ್ಚಿಸಿಕೊಂಡವರು ತುಟಿ ಎಲ್ಲಿದೆಯೆಂದು ಬೆರಳಲ್ಲಿ ಹುಡುಕುವುದನ್ನೂ, ಕಿವಿ ಹೋಯಿತು ಎನ್ನುವುದನ್ನೂ ನೋಡಿದ್ದ. ಅದು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಕೇಳಿದ. ಅರ್ಧ ದವಡೆ, ಅರ್ಧ ನಾಲಿಗೆ ಎಂದರು ಡಾಕ್ಟರು. ನರಗಳ ದಾರಿಯನ್ನು ಗೋಡೆಯ ಪಟದ ಮೇಲೆ ಕೋಲಿಟ್ಟು ವಿವರಿಸಿದರು. ಅಂಕಯ್ಯ ಪಟವನ್ನು ಕೊನೆಯವರೆಗೂ ನೋಡಿದ. ಪಟ ಕುತ್ತಿಗೆಗೆ ಮುಗಿದಿತ್ತು.

"ಅಲ್ಲಿಂದಾಚೀಗೆ ಎಲ್ಲೋಯ್ತದೆ ಅಂತ ಬರ್ದಿಲ್ವಲ್ಲ. ಕಾಲಿಗಿಳುದ್ರೆ? ನೋಯ್ಲಿ ಬುಡಿ."

ಬಲದವಡೆಗೆ ಚುಚ್ಚಿದ್ದು ಬಲಗಾಲಿಗೆ ಇಳಿಯುವುದಿಲ್ಲ ಎಂದು ಡಾಕ್ಟರು ಆಣೆ ಮಾಡಲು ಸಿದ್ಧರಿದ್ದರು. ಆದರೆ ಮೈಯೆಲ್ಲ ಮರಗಟ್ಟಿದರೂ ಒಂದು ಕಾಲು ಮಾತ್ರ ಉಳಿಸಿಕೊಂಡು ಬಂದವನು, ಅದನ್ನು ಒಂದು ಸೂಜಿಯ ನಂಬಿಕೆಯ ಮೇಲೆ ಬಿಡುವವನಲ್ಲ. ಸೂಜಿ ಪೆಟ್ಟಿಗೆಗೆ ಹೋಯಿತು.

ಎರಡನೆಯದು, ಒರಗುವ ಕುರ್ಚಿಯಲ್ಲಿ ಮಲಗಿದರೆ ಅಂಕಯ್ಯನ ಕಾಲು ಹಲಗೆಗೆ ಎಟಕುತ್ತಿರಲಿಲ್ಲ. ಅವನನ್ನು ಗೋಡೆ ಬದಿಯ ಬೆಂಚಿನ ಮೇಲೆ ಕೂರಿಸಿ, ತಲೆಗೆ ದಿಂಬು ಕೊಟ್ಟು, ಬೈರಿಗೆಯನ್ನು ಅವನ ಕಾಲ ಬಳಿ ಎಳೆದರು. ಈಗ ಬಾಯಿ ತೀರ ಕೆಳಗಾಯಿತು. ಬಗ್ಗಿ ನೋಡಿದರು, ಕಾಣಲಿಲ್ಲ. ಕುಕ್ಕರಗಾಲಲ್ಲಿ ಕೂತರು, ಹೊಟ್ಟೆ ಒಪ್ಪಲಿಲ್ಲ. ಕೊನೆಗೆ ಕಲ್ಕತ್ತೆಯ ವಿದ್ಯಾವಂತರು ಪಂಚೆ ಎತ್ತಿ ಕಟ್ಟಿ, ಕಿಟಕಿಯ ಪರದೆ ಪೂರ್ತಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಏತದ ಅಂಕಯ್ಯನ ಮುಂದೆ ಮಂಡಿಯೂರಿದರು. ಪರದೆ ಮುಚ್ಚಿದ್ದರಿಂದ ಬೆಳಕು ಸಾಲಲಿಲ್ಲ. ಮತ್ತೆ ಎದ್ದು ಹೋಗಿ ಅರ್ಧ ತೆರೆದರು.

ಮೂರನೆಯದನ್ನು ಇಬ್ಬರೂ ಯೋಚಿಸಿರಲಿಲ್ಲ. ಮೊನೆ ಬಾಯಿಗೆ ಬಂದಾಗ ಅಂಕಯ್ಯ ಕೈ ಎತ್ತಿ ತಡೆದ. ಬಾಯಿ ತೆರೆದುಕೊಂಡು ಎಣಿಸುವುದು ಹೇಗೆ? ಮನಸ್ಸಿನಲ್ಲಿ ಎಣಿಸು ಎಂದರು ಡಾಕ್ಟರು. ನೋವಿರುವಾಗ ಬಾಯಲ್ಲಿ ಹೇಳಿದ ಎಣಿಕೆಯೇ ಎಲ್ಲಿ ಹೋಗುತ್ತದೆ ಎಂಬುದನ್ನು ಸೋಮವಾರ ಕಾಮಾಕ್ಷಮ್ಮನವರು ಕಂಡಿದ್ದರು. "ನೀವ್ ಏಳ್ಬೇಕು ಸ್ವಾಮಿ" ಎಂದ ಅಂಕಯ್ಯ. "ಗಟ್ಟಿಯಾಗಿ. ರಾಗ್ವಾಗಿ."

ಡಾಕ್ಟರು ಬಾಗಿಲ ಕಡೆ ನೋಡಿದರು. ಒಳಮನೆಯಲ್ಲಿ ಅವರ ಹೆಂಡತಿ ವೇದವತಿ ಅಕ್ಕಿ ಆರಿಸುತ್ತಿದ್ದ ಮೊರದ ಸದ್ದು ಕೇಳುತ್ತಿತ್ತು. ಲಾಭ ಎಂದು ಹಿಡಿದು ನೋಡಿದರು. ದನಿ ಸಂಕೋಚದಿಂದ ಕುಗ್ಗಿತು, ಐದಕ್ಕೆ ರಾಗ ಕೆಟ್ಟಿತು. ಏತದ ರಾಗ ಪುಸ್ತಕದಲ್ಲಿ ಬರುವಂಥದಲ್ಲ. ಅವರಿಗೆ ರಾಗವಾಗಿ ಬರುತ್ತಿದ್ದ ಲೆಕ್ಕವೆಂದರೆ ಒಂದೇ, ಚಿಕ್ಕಂದಿನಲ್ಲಿ ಬೆತ್ತದ ಭಯದಲ್ಲಿ ಕಲಿತದ್ದು. ಗಂಟಲು ಸರಿಮಾಡಿಕೊಂಡು ಮಗ್ಗಿ ಹಿಡಿದರು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು.

ಅಂಕಯ್ಯನ ಕಾಲು ಒಂದು ಕ್ಷಣ ಆಲಿಸಿತು. ಆಮೇಲೆ ಹೊರಟಿತು.

ಎರಡರ ಮಗ್ಗಿ ಮುಗಿದಾಗ ಉಗಿದ. ಮೂರಕ್ಕೆ ಉಗಿದ. ಮೊರದ ಸದ್ದು ನಿಂತಿತ್ತು. ಐದರ ಮಗ್ಗಿಗೆ ಡಾಕ್ಟರಿಗೆ ಸ್ವರ ಬಂತು. ಮಂಡಿಯೂರಿದವರು ಮರ್ಯಾದೆ ಮರೆತು ಸ್ಕೂಲಿನ ಹುಡುಗನಂತೆ ತೂಗಿ ತೂಗಿ ಹೇಳತೊಡಗಿದರು. ಎಂಟು ದಾಟಿದ ಮೇಲೆ ನೋವು ಬೇರೆಯಾಯಿತು. ಅದುವರೆಗೆ ಹಲ್ಲಿನಲ್ಲಿದ್ದದ್ದು ಈಗ ಕಣ್ಣಿನ ಹಿಂದೆ, ಭುಜದಲ್ಲಿ, ಎಡಗೈಯ ಬೆರಳುಗಳಲ್ಲಿ. ಇಡೀ ಮೈ ಹಲಗೆಯಿಂದ ಕಾಲು ತೆಗೆ ಎನ್ನುತ್ತಿತ್ತು. ತಾನು ತುಳಿದಷ್ಟೂ ನೋಯುತ್ತದೆ, ತುಳಿಯುವವನು ತಾನೇ. ಇಂಥ ಲೆಕ್ಕ ಅವನಿಗೆ ಎಂದೂ ಬಂದಿರಲಿಲ್ಲ. ಆದರೂ ಕಾಲು ಮಗ್ಗಿಯ ಹಿಂದೆ ಹೋಯಿತು. ಹನ್ನೊಂದು. ಹನ್ನೆರಡು. ಇನ್ನೊಂದೇ ಸುತ್ತು ಎಂದು ಡಾಕ್ಟರು ಹದಿಮೂರಕ್ಕೆ ಹತ್ತಿದರು. ಹದಿಮೂರೈದ್ಲ ಅರವತ್ತೈದು, ಹದಿಮೂರಾರ್ಲ ಎಪ್ಪತ್ತೆಂಟು, ಹದಿಮೂರೇಳ್ಲ...

ಡಾಕ್ಟರಿಗೆ ಮಗ್ಗಿ ನಿಂತುಹೋಯಿತು. ಮೂವತ್ತು ವರ್ಷದ ಹಿಂದೆ ಬೆತ್ತ ಬಿದ್ದದ್ದೂ ಇದೇ ಜಾಗದಲ್ಲಿ. ಹದಿಮೂರೇಳ್ಲ, ಎಂದು ಇನ್ನೊಮ್ಮೆ ಎಂದರು. ಮೊನೆ ಹುಳುಕಿನ ತಳದಲ್ಲಿತ್ತು, ನಿಂತರೆ ಕಚ್ಚಿಕೊಳ್ಳುತ್ತಿತ್ತು.

ಕಾಲು ನಿಲ್ಲಲಿಲ್ಲ. ಅಂಕಿಯಿಲ್ಲದೆಯೇ ತುಳಿಯಿತು. ಮೂರು ವರ್ಷದಲ್ಲಿ ಮೊದಲ ಸಲ ತುಳಿಯುವಾಗ ಅಂಕಯ್ಯನ ತಲೆ ಖಾಲಿಯಾಯಿತು, ಅದರೊಳಗೆ ಸಣ್ಣತಾಯಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನಿಯ ಅಂಚು ಹಿಡಿದು ಮೊಗಚಿದಳು. ನೀರು ಹೋಯಿತು. ಮತ್ತೆ ಹಿಡಿದಳು, ಮೊಗಚಿದಳು. ಕತ್ತೆತ್ತಿ ಮರದ ಮೇಲೆ ನೋಡಿದಳು, ನಿನ್ನದು ಹೇಳು ಎನ್ನುವ ಹಾಗೆ. ಅವನ ಬಾಯಿ ತೆರೆದೇ ಇತ್ತು. ಅದರಲ್ಲಿ ಡಾಕ್ಟರ ಎರಡು ಬೆರಳೂ ಒಂದು ಕನ್ನಡಿಯೂ ಇದ್ದವು.

"ತೊಂಬತ್ತೊಂದು" ಎಂದರು ವೇದವತಿ, ಒಳಗಿನಿಂದ.

ಹದಿಮೂರೇಳ್ಲ ತೊಂಬತ್ತೊಂದು, ಹದಿಮೂರೆಂಟ್ಲ ನೂರ ನಾಲ್ಕು. ಮಗ್ಗಿ ಮುಗಿಯಿತು. ಡಾಕ್ಟರು ಮೊನೆ ತೆಗೆದು ನೋಡಿದರೆ ಅಂಕಯ್ಯನ ಎರಡೂ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬಿಗೆ ಸೇರುತ್ತಿತ್ತು. ಬಹಳ ನೋವಾಯಿತೇನಯ್ಯ, ಆಯಿತು ಬಿಡು, ಮುಗಿಯಿತು ಎಂದು ಸಮಾಧಾನ ಹೇಳಿದರು. ಅವನು ಮುಗಿದಿಲ್ಲ ಎನ್ನುವ ಹಾಗೆ ತಲೆಯಾಡಿಸಿದ. ಡಾಕ್ಟರು ಇನ್ನೊಮ್ಮೆ ಗುಂಡಿಯನ್ನು ಪರೀಕ್ಷಿಸಿ, ಮುಗಿದಿದೆ ಎಂದು ಖಚಿತಪಡಿಸಿಕೊಂಡರು. ರಬ್ಬರಿನ ಉಂಡೆಯಿಂದ ಗಾಳಿ ಊದಿ ಒಣಗಿಸಿದರು, ಬೆಳ್ಳಿ ಅರೆದು ಒತ್ತಿ ತುಂಬಿದರು. ನೀರು ಅಷ್ಟು ಹೊತ್ತೂ ಇಳಿಯುತ್ತಲೇ ಇತ್ತು. ಅಂಕಯ್ಯ ಒರೆಸಿಕೊಳ್ಳಲಿಲ್ಲ. ಅದು ಬೇರೆ ಯಾರದೋ ಕಣ್ಣು ಎನ್ನುವ ಹಾಗೆ ಕೂತಿದ್ದ.

ಡಾಕ್ಟರು ಎದ್ದು ಮಂಡಿ ದೂಳು ಕೊಡವಿಕೊಂಡರು. ಮಗ್ಗಿ ಹೇಳುವುದು ಒಂದು ವೈಜ್ಞಾನಿಕ ಪದ್ಧತಿಯೆಂದು ಬಾಗಿಲ ಕಡೆ ತಿರುಗಿ, ಯಾರೂ ಕೇಳದಿದ್ದರೂ, ಹೇಳಿದರು. ಒಳಗೆ ಮೊರದ ಸದ್ದು ಮತ್ತೆ ಆರಂಭವಾಯಿತು. ಸಂಪತ್ ಕುಮಾರ ಸಂಜೆ ಬಂದು ವಿಷಯ ತಿಳಿದು, ಒಳಗೆ ಹೋಗಿ ಇಂಟರ್‌ಮೀಡಿಯೆಟ್ ಪುಸ್ತಕದ ದೂಳು ಹೊಡೆದ.

ಗುರುವಾರ ಹತ್ತು ಗಂಟೆಗೆ ಅಮಲ್ದಾರರು ಬಂದರು. ಮುಂದೆ ದಫೇದಾರ, ಹಿಂದೆ ಒಬ್ಬ ಗುಮಾಸ್ತ. ರುಮಾಲು ತೆಗೆದು ದಫೇದಾರನ ಕೈಗೆ ಕೊಟ್ಟರು. ಅವನು ಅದನ್ನು ದೇವರ ಮೂರ್ತಿಯಂತೆ ಹಿಡಿದು ಮೂಲೆಯಲ್ಲಿ ನಿಂತ. ಅಂಕಯ್ಯ ಬೈರಿಗೆಯ ಪಕ್ಕದಲ್ಲಿದ್ದ. ಕೆನ್ನೆಯ ಬಾವು ಇಳಿದಿತ್ತು. ಮುಖ ಎಂದಿನಂತೆ ಇತ್ತು.

ಅಮಲ್ದಾರರಿಗೆ ಅವಸರವಿರಲಿಲ್ಲ. ಕುರ್ಚಿ ಎಲ್ಲಿಯದು ಎಂದು ವಿಚಾರಿಸಿದರು. ಮೊನೆ ಎಲ್ಲಿಯದು, ಅದರ ಉಕ್ಕು ಎಂಥದು ಎಂದು ವಿಚಾರಿಸಿದರು. ಈ ವರ್ಷ ಭತ್ತ ಹೇಗೆ ಎಂಬುದನ್ನು ಡಾಕ್ಟರಿಂದ ತಿಳಿಯಬಯಸಿದರು. ಡಾಕ್ಟರು ಕೈಯಲ್ಲಿ ಹಿಡಿ ಹಿಡಿದುಕೊಂಡು ಎಲ್ಲಕ್ಕೂ ಉತ್ತರ ಕೊಟ್ಟರು. ನಿನ್ನೆಯ ಪ್ರಯೋಗದ ಕಥೆಯನ್ನೂ ಹೇಳಿದರು, ಮಂಡಿಯೂರಿದ ಭಾಗ ಬಿಟ್ಟು. ಅಮಲ್ದಾರರ ಮುಖ ಅರಳಿತು. ಇನ್ನೊಂದು ಹತ್ತು ನಿಮಿಷ ಇದರಲ್ಲಿ ಸಿಕ್ಕೀತು ಎನಿಸಿರಬೇಕು. ಕುರ್ಚಿಯಲ್ಲಿ ಅರ್ಧ ತಿರುಗಿ ಕೂತು ಅಂಕಯ್ಯನನ್ನು ಕೂಲಂಕಷವಾಗಿ ನೋಡಿದರು.

"ಅಲ್ಲಯ್ಯಾ, ಕೊರೆಸಿಕೊಂಡವನೂ ನೀನೇ, ತುಳಿದವನೂ ನೀನೇ. ಕಣ್ಣಲ್ಲಿ ನೀರು ಬರೋಷ್ಟು ನೋವಾಯಿತಂತೆ. ಕಾಲು ನಿನ್ನದೇ ಅಲ್ಲವೇ? ಅಷ್ಟು ನೋಯುವಾಗ ನೀನು ತುಳಿಯೋದು ನಿಲ್ಲಿಸಬಹುದಾಗಿತ್ತಲ್ಲ, ಯಾಕೆ ನಿಲ್ಲಿಸಲಿಲ್ಲ?"

ಗುಮಾಸ್ತನೂ ದಫೇದಾರನೂ ಇದು ಬಹಳ ಗಹನವಾದ ಪ್ರಶ್ನೆಯೆಂಬಂತೆ ಅಂಕಯ್ಯನ ಕಡೆ ನೋಡಿದರು. ಅಂಕಯ್ಯ ಹಲಗೆಯ ಮೇಲೆ ಕಾಲಿಟ್ಟ.

"ನಿಲ್ಸುದ್ರೆ ಮತ್ತೆ ಮೊದ್ಲಿಂದ ಸುರು ಮಾಡ್ಬೇಕಾಯ್ತದೆ ಕಣ್ ಸ್ವಾಮಿ. ಬಾಯ್ ತಗೀರಿ."